ಫೈರೋಜನಿಗೆ, ಮೈದನಹಳ್ಳಿಗೆ ಹೊರಡುವ ಮುನ್ನ

ಭಾನುವಾರ ಸ್ಟುಡಿಯೋ ಬಾಗಿಲು ನಾನೇ ತೆಗೀತೇನೆ, ನೀನು ಹೋಗು.
ಬ್ಯಾಟರಿ ಎರಡೂ ಚಾರ್ಜಾಗಿವೆ, ಒಂದನ್ನು ಒಳಜೇಬಲ್ಲಿಟ್ಟುಕೋ,
ಮಾಗಿಯ ಚಳಿಗೆ ಅವೂ ಮುದುಡಿಕೊಳ್ಳುತ್ತವೆ.
ಆ ಕೆಂಪು ಸ್ವೆಟರ್ ಬೇಡ. ನಿಮ್ಮಣ್ಣನ ಮಣ್ಣುಬಣ್ಣದ ಅಂಗಿ ಸಾಕು.
ಅತ್ತರೂ ಅವತ್ತೊಂದು ದಿನ ಬೇಡ ಕಣೋ.

ಇಪ್ಪತ್ತಾರು ವರ್ಷ ಈ ಸ್ಟೂಲಿನ ಮೇಲೆ ಕೂತವರಿಗೆಲ್ಲ
ಗದ್ದ ಎತ್ತಿ, ಭುಜ ಇಳಿಸಿ, ಕಣ್ಣು ಮಿಟುಕಿಸಬೇಡಿ ಅಂದಿದ್ದೇನೆ.
ಹಾಲ್‌ಟಿಕೆಟ್ಟಿಗೆ, ಪಾಸ್‌ಬುಕ್ಕಿಗೆ,
ಹುಡುಗಿ ತೋರಿಸುವವರ ಕವರಿಗೆ.
ಮಧುಗಿರಿಯ ಅರ್ಧ ಊರು ನನ್ನ ಮಾತು ಕೇಳಿದೆ.
ಅಲ್ಲಿ ಯಾರೂ ಕೇಳುವುದಿಲ್ಲ.
ಅಲ್ಲಿ ಭುಜ ಇಳಿಸಬೇಕಾದವನು ನೀನು.

ಕೊಡಿಗೇನಹಳ್ಳಿ ದಾಟುವಾಗ ಇನ್ನೂ ಕತ್ತಲಿರಬೇಕು.
ವಾಚರ್ ಚಿತ್ತಯ್ಯ ಮಫ್ಲರ್ ಸುತ್ತಿಕೊಂಡು ಕಾದಿರುತ್ತಾನೆ,
ನನ್ನ ಹೆಸರು ಹೇಳಿದರೂ ಬೈಯುತ್ತಾನೆ, ಹೇಳದಿದ್ದರೂ.
ನಿನ್ನ ಲೆನ್ಸಿನ ಉದ್ದ ಅವನಿಗೆ ಬೇಕಿಲ್ಲ.
ಒಂದು ಚಿಟಿಕೆ ಮಣ್ಣು ತೂರಿ
ಅದು ಹೋಗುವ ದಿಕ್ಕನ್ನೇ ನೋಡುತ್ತ ನಿಲ್ಲುತ್ತಾನೆ.
ಗಾಳಿ ಮುಖಕ್ಕೆ ಬರಬೇಕು, ಬಿಸಿಲು ಬೆನ್ನಿಗೆ.
ಎರಡೂ ಒಟ್ಟಿಗೆ ಸಿಕ್ಕರೆ ಲಾಟರಿ ಅಂದುಕೋ.

ಬೈಕಿಂದ ಇಳಿದವನೇ ಓಡಬೇಡ. ನಾನು ಓಡಿದ್ದೆ.
ಮೊದಲ ವರ್ಷವಿಡೀ ನನಗೆ ಸಿಕ್ಕಿದ್ದು ಕೃಷ್ಣಮೃಗದ ಹಿಂಭಾಗ:
ಬಿಳಿ ಬಾಲ, ಧೂಳು, ಧೂಳು, ಬಿಳಿ ಬಾಲ.
ಒಂದೂವರೆ ಸಾವಿರ ಫೋಟೋ. ಚಿತ್ತಯ್ಯ ನೋಡಿ ಕೇಳಿದ:
"ಇದೇನಕ್ಕಾ, ಅವು ನಿಮ್ಮನ್ನ ಬೀಳ್ಕೊಟ್ಟ ಆಲ್ಬಮ್ಮಾ?"

ಹುಲ್ಲಲ್ಲಿ ಮಲಗು. ಅಂಟುಪುರಲೆ ಮೈಗೆಲ್ಲ ಹತ್ತಲಿ.
ನಿಂತು ತೆಗೆದರೆ ಅದೊಂದು ಪ್ರಾಣಿ,
ಮೊಣಕೈ ಊರಿ ತೆಗೆದರೆ ಎದುರುಮನೆಯವನು.
ಕಣ್ಣಿಗೆ ಫೋಕಸ್ ಇಡು, ಕೊಂಬು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.
ಕರಿಬೆನ್ನು, ಬಿಳಿಹೊಟ್ಟೆ: ಕ್ಯಾಮೆರಾ ಗಲಿಬಿಲಿಯಾಗುತ್ತದೆ.
ಶಿರಾದ ಆ ಮದುವೆಯಲ್ಲಿ ವರನ ಪಂಚೆ ಸುಣ್ಣವಾಯಿತಲ್ಲ, ಹಾಗೆ.
ಬಿಳಿಯನ್ನು ಕಾಪಾಡು. ಕಪ್ಪನ್ನು ಮನೆಗೆ ಬಂದು ಎತ್ತಬಹುದು,
ಸುಟ್ಟ ಬಿಳಿ ಯಾರಪ್ಪನಿಗೂ ವಾಪಸು ಬರುವುದಿಲ್ಲ.
ಬಿಟ್ಟ ಉಸಿರಿನ ಕೊನೆಯಲ್ಲಿ ಒತ್ತು.
ಅದು ನೋಡುತ್ತಿರುವ ಕಡೆ ಚೌಕಟ್ಟಲ್ಲಿ ಒಂದಿಷ್ಟು ಜಾಗ ಬಿಡು,
ಹೋಗಬೇಕೆನಿಸಿದರೆ ಹೋಗಲಿ.

ಇನ್ನೊಂದು ಮಾತು.
ಹೋದ ಬೇಸಿಗೆ ಹೀಗೇ ಮಲಗಿದ್ದೆ.
ತಲೆಯ ಮೇಲೆ ಟಿಟ್ಟಿಭವೊಂದು ಕಿರುಚುತ್ತ ಸುತ್ತುತ್ತಿತ್ತು.
ಎಂಥ ಬೆಳಕು ಅವತ್ತು! ಕೊಕ್ಕಿನ ಕೆಂಪು ಕುಂಕುಮದಂತಿತ್ತು.
ರೆಕ್ಕೆ ಅಗಲಿಸಿ ಹಣೆಯವರೆಗೂ ಎರಗುತ್ತಿತ್ತು,
ನಾನು ಒತ್ತುತ್ತಲೇ ಇದ್ದೆ. ನಲವತ್ತು, ಐವತ್ತು.
ದೂರದಿಂದ ಚಿತ್ತಯ್ಯ ಟವಲು ಬೀಸಿದ.
ಎಡ ಮೊಣಕೈಯಿಂದ ಒಂದು ಗೇಣು ದೂರಕ್ಕೆ
ಕಲ್ಲುಗಳ ನಡುವೆ ಕಲ್ಲಿನಂಥವೇ ನಾಲ್ಕು ಮೊಟ್ಟೆ.
ಅದು ಪೋಸು ಕೊಡುತ್ತಿರಲಿಲ್ಲ ಫೈರೋಜ್,
ಏಳು, ಏಳು, ಏಳೇ ಅನ್ನುತ್ತಿತ್ತು.

ಆ ಫೋಟೋಗಳು ಬಹಳ ಚೆನ್ನಾಗಿ ಬಂದಿವೆ.
ಯಾರಿಗೂ ತೋರಿಸಿಲ್ಲ.
ಕಂಪ್ಯೂಟರಲ್ಲಿ ಹೆಸರಿಲ್ಲದ ಫೋಲ್ಡರ್ ಯಾವುದಕ್ಕಾ
ಅಂತ ಒಮ್ಮೆ ಕೇಳಿದ್ದೆಯಲ್ಲ, ಅದು.

ಹಕ್ಕಿ ಕಿರುಚಿದರೆ ಏಳು, ಬಂದ ಹೆಜ್ಜೆಯಲ್ಲೇ ವಾಪಸು ನಡೆ.
ಹುಲ್ಲೆಮರಿ ಅಡಗಿದ ಹುಲ್ಲನ್ನು ಸರಿಸಬೇಡ,
ತಾಯಿ ಎಲ್ಲೋ ನಿಂತು ನಿನ್ನನ್ನು ಎಣಿಸುತ್ತಿರುತ್ತದೆ.
ಫ್ಲಾಶ್ ಇಲ್ಲೇ ಡ್ರಾಯರಿನಲ್ಲಿರಲಿ.
ಎಲ್ಲಿ ತೆಗೆದೆ ಅಂದವರಿಗೆ ತಾಲ್ಲೂಕಿನ ಹೆಸರು ಸಾಕು.

ಒಂಬತ್ತಕ್ಕೆ ಬಿಸಿಲು ಬಿಳಿಚಿಕೊಂಡು
ದೂರದ ಮಂದೆಯ ಕಾಲುಗಳು ನೀರಲ್ಲಿ ನಿಂತಂತೆ ನಡುಗುತ್ತವೆ.
ಆಗ ಲೆನ್ಸಿಗೆ ಮುಚ್ಚಳ ಹಾಕು.
ಚಿತ್ತಯ್ಯನ ಡಬ್ಬಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇರುತ್ತೆ,
ಬೇಡ ಅನ್ನಬೇಡ.

ಅಂದಹಾಗೆ, ಗುರುತಿನ ಚೀಟಿಗೆ ಅವನದೊಂದು ಫೋಟೋ
ಹನ್ನೊಂದು ವರ್ಷದಿಂದ ಬಾಕಿ.
ಸ್ಟೂಲಿನ ಮೇಲೆ ಕೂರೋಕೆ ಬಾ ಅಂದರೆ ನಾಳೆ ಅನ್ನುತ್ತಾನೆ.
ನೀನು ಅವನಿಗೆ ಗದ್ದ ಎತ್ತು ಅನ್ನಬೇಡ.
ಮಣ್ಣು ತೂರಿ ಗಾಳಿ ನೋಡುತ್ತಾನಲ್ಲ,
ಆಗ ತೆಗೆ.